ಬೆಂಗಳೂರು ಬಿಟ್ಟರೂ ಬಿಡದ ಚಲನ್: ಬಾಕಿ ದಂಡ ಬೇರೆ ರಾಜ್ಯದಲ್ಲಿ ಎಲ್ಲಿ ಅಡ್ಡ ಬರುತ್ತದೆ?

ಟ್ರಾಫಿಕ್ ದಂಡದ ಬಗ್ಗೆ ಎರಡು ಬಗೆಯ ಸುದ್ದಿ ಬರುತ್ತಿವೆ. ಎರಡೂ ಒಂದಕ್ಕೊಂದು ತಾಳೆಯಾಗುವುದಿಲ್ಲ.

ಒಂದು ಕಡೆ ರಾಜ್ಯ ಸರ್ಕಾರ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಡುತ್ತಲೇ ಬಂದಿದೆ. 2023ರ ಫೆಬ್ರವರಿಯಲ್ಲಿ ಕೊಟ್ಟಿತು. ಅದೇ ವರ್ಷ ಮತ್ತೆ ಕೊಟ್ಟಿತು. 2025ರ ಆಗಸ್ಟ್-ಸೆಪ್ಟೆಂಬರ್‌ನಲ್ಲೊಮ್ಮೆ, ನವೆಂಬರ್-ಡಿಸೆಂಬರ್‌ನಲ್ಲಿ ಇನ್ನೊಮ್ಮೆ ಕೊಟ್ಟಿತು. ಇನ್ನೊಂದು ಕಡೆ ಕೇಂದ್ರ ಸರ್ಕಾರ ಹಿಡಿತ ಬಿಗಿ ಮಾಡುತ್ತಿದೆ. ರಾಷ್ಟ್ರೀಯ ಹೆದ್ದಾರಿಯ ಟೋಲ್ ಬಾಕಿ ಇದ್ದರೂ ಗಾಡಿಯನ್ನು ಬೇರೆ ರಾಜ್ಯಕ್ಕೆ ಒಯ್ಯಲು ಬೇಕಾದ ನಿರಾಕ್ಷೇಪಣಾ ಪತ್ರ, ಅಂದರೆ ಎಲ್ಲರೂ ಹೇಳುವ ಎನ್‌ಒಸಿ ಸಿಗುವುದಿಲ್ಲ ಎಂದು 2026ರ ಜನವರಿಯಲ್ಲಿ ನಿಯಮವನ್ನೇ ತಿದ್ದಿತು.

ಕೆಲಸ ಬದಲಾಗಿ ಪುಣೆಗೋ ಹೈದರಾಬಾದಿಗೋ ಹೊರಟವರಿಗೆ ಇದರಿಂದ ಗೊಂದಲ. ‘ಇನ್ನೊಂದು ಸಲ ರಿಯಾಯಿತಿ ಬರುತ್ತೆ, ಆಗ ಕಟ್ಟಿದರಾಯ್ತು’ ಅನ್ನುವವರಿದ್ದಾರೆ. ‘ರಾಜ್ಯ ಬಿಟ್ಟ ಮೇಲೆ ಯಾರು ಕೇಳ್ತಾರೆ’ ಅನ್ನುವವರೂ ಇದ್ದಾರೆ. ‘ಚಲನ್ ಬಾಕಿ ಇದ್ದರೆ ಲೈಸೆನ್ಸೇ ಹೋಗುತ್ತೆ’ ಎಂದು ಹೆದರುವವರೂ ಇದ್ದಾರೆ. ಮೂರೂ ಪೂರ್ತಿ ನಿಜವಲ್ಲ. ಬಾಕಿ ದಂಡ ಗಡಿಯಲ್ಲಿ ಯಾರನ್ನೂ ತಡೆಯುವುದಿಲ್ಲ. ಆದರೆ ಗಾಡಿಯ ಕಾಗದಪತ್ರ ಬದಲಾಗಬೇಕಾದ ದಿನ ಅದು ಎದುರಿಗೆ ಬಂದು ನಿಲ್ಲುತ್ತದೆ. ಆ ಹೊತ್ತಿಗೆ ನಾವು ಬೆಂಗಳೂರಿನಿಂದ ದೂರ ಇರುತ್ತೇವೆ. ಕಷ್ಟ ಶುರುವಾಗುವುದೇ ಅಲ್ಲಿ.

ದಂಡ ಗಾಡಿಯ ಮೇಲೋ, ಓಡಿಸಿದವರ ಮೇಲೋ?

ಮೊದಲು ಪೊಲೀಸರು ಗಾಡಿ ನಿಲ್ಲಿಸಿ, ಲೈಸೆನ್ಸ್ ನೋಡಿ, ಕೈಗೆ ರಸೀದಿ ಕೊಡುತ್ತಿದ್ದರು. ದಂಡ ಬಿದ್ದದ್ದು ಓಡಿಸಿದವರಿಗೆ ಆಗಲೇ ಗೊತ್ತಾಗುತ್ತಿತ್ತು. ಬೆಂಗಳೂರಿನಲ್ಲಿ ಈಗ ಜಾಸ್ತಿ ಕೇಸು ಹಾಕುವುದು ಕ್ಯಾಮೆರಾ. 2022ರ ಡಿಸೆಂಬರ್‌ನಲ್ಲಿ 50 ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು ಕೆಲಸ ಶುರು ಮಾಡಿದವು. ಕ್ಯಾಮೆರಾಗೆ ಓಡಿಸುವವರು ಯಾರೆಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ನಂಬರ್ ಮಾತ್ರ. ಹಾಗಾಗಿ ಚಲನ್ ಆರ್‌ಸಿಯಲ್ಲಿ ಹೆಸರಿರುವ ಮಾಲೀಕರಿಗೆ ಹೋಗುತ್ತದೆ. ಆ ದಿನ ಓಡಿಸಿದ್ದು ತಮ್ಮನೋ ಗೆಳೆಯನೋ ಆಗಿದ್ದರೂ ಉತ್ತರ ಕೊಡಬೇಕಾದವರು ಮಾಲೀಕರೇ. ಓಡಿಸಿದವರು ಯಾರೆಂದು ತಿಳಿಸುವ ಹೊಣೆಯನ್ನು ಮೋಟಾರು ವಾಹನ ಕಾಯ್ದೆಯ 133ನೇ ಕಲಂ ಅವರ ಮೇಲೆಯೇ ಹಾಕುತ್ತದೆ.

ಕ್ಯಾಮೆರಾ ಹಿಡಿದ ತಪ್ಪಿಗೆ 15 ದಿನದೊಳಗೆ ನೋಟಿಸ್ ಕಳಿಸಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಸೇರಿಸಿದ 167ಎ ಹೇಳುತ್ತದೆ. ನೋಟಿಸ್ ಹೋಗುವುದು ಆರ್‌ಸಿಯಲ್ಲಿರುವ ವಿಳಾಸಕ್ಕೆ, ಇಲ್ಲವೇ ಅದರ ಜೊತೆಗಿರುವ ಮೊಬೈಲ್ ನಂಬರಿಗೆ. ಗಾಡಿ ಕೊಂಡಾಗ ಶೋರೂಮಿನವರು ಬರೆದುಕೊಂಡ ನಂಬರ್ ಈಗ ಬಳಕೆಯಲ್ಲೇ ಇಲ್ಲದಿರಬಹುದು. ಬಾಡಿಗೆ ಮನೆ ಬದಲಾಗಿರಬಹುದು. ಎಷ್ಟೋ ಜನರಿಗೆ ತಮ್ಮ ಗಾಡಿಯ ಮೇಲೆ ಏಳೆಂಟು ಚಲನ್ ಇರುವುದು ಊರು ಬಿಡುವಾಗಲಷ್ಟೇ ಗೊತ್ತಾಗುತ್ತದೆ. ಇದನ್ನು ಅವರ ಉಡಾಫೆ ಎಂದು ಸುಮ್ನೆ ತಳ್ಳಿಹಾಕುವುದು ಸರಿಯಲ್ಲ.

ಗಡಿ ದಾಟಿದ ಮೇಲೆ 12 ತಿಂಗಳು

ಕೆಎ ನಂಬರಿನ ಗಾಡಿಯನ್ನು ಬೇರೆ ರಾಜ್ಯದಲ್ಲಿ ಓಡಿಸಬಹುದು. ಆದರೆ ಅಲ್ಲೇ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಆ ರಾಜ್ಯದ ಹೊಸ ನಂಬರ್ ಪಡೆಯಬೇಕು. ಇದು ಕಾಯ್ದೆಯ 47ನೇ ಕಲಂ. ಹೊಸ ನಂಬರಿಗೆ ಅರ್ಜಿ ಹಾಕಬೇಕಾದರೆ ಗಾಡಿ ಮೊದಲು ನೋಂದಣಿಯಾದ ಆರ್‌ಟಿಒದಿಂದ ಎನ್‌ಒಸಿ ಬೇಕು. ಇದು 48ನೇ ಕಲಂ.

ಈ ಒಂದು ವರ್ಷದ ಅವಧಿಯೇ ಜನರಿಗೆ ಸುಳ್ಳು ಧೈರ್ಯ ಕೊಡುತ್ತದೆ. ಪುಣೆಗೆ ಹೋಗಿ ಆರು ತಿಂಗಳಾಯಿತು, ಯಾರೂ ಕೇಳಲಿಲ್ಲ. ಹಾಗಾದರೆ ಬೆಂಗಳೂರಿನ ದಂಡ ಮುಗಿದ ಕಥೆ ಅನ್ನಿಸುತ್ತದೆ. ಮಹಾರಾಷ್ಟ್ರದ ಪೊಲೀಸರು ಕರ್ನಾಟಕದ ದಂಡ ವಸೂಲಿಗೆ ಬೆನ್ನು ಹತ್ತುವುದಿಲ್ಲ ಎನ್ನುವುದೂ ನಿಜವೇ. ಆದರೆ ಎನ್‌ಒಸಿ ಕೊಡಬೇಕಾದದ್ದು ಪುಣೆಯ ಆರ್‌ಟಿಒ ಅಲ್ಲ. ಕೆಎ-05 ಆದರೆ ಜಯನಗರ, ಕೆಎ-53 ಆದರೆ ಕೆ.ಆರ್.ಪುರ. ಎಲ್ಲಿಗೇ ಹೋಗಿದ್ದರೂ ಕಡತ ಇಲ್ಲಿಗೇ ವಾಪಸ್ ಬರಬೇಕು.

ಎನ್‌ಒಸಿಯ ಮೇಜಿನ ಮೇಲೆ ಏನಾಗುತ್ತದೆ?

ಅರ್ಜಿ ಹಾಕುವುದು ಫಾರಂ 28ರಲ್ಲಿ. ಈಗ ‘ವಾಹನ್’ ಪೋರ್ಟಲ್ ಮೂಲಕವೇ ಶುರು ಮಾಡಬಹುದು. ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ, ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು ಬೇಕು. ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು. ಗಾಡಿ ಕಳುವಿನದ್ದಲ್ಲ ಎಂದು ಪೊಲೀಸರ ವರದಿ ಬರಬೇಕು. ರಸ್ತೆ ತೆರಿಗೆ ಸೇರಿ ಆ ಗಾಡಿಯಿಂದ ಸರ್ಕಾರಕ್ಕೆ ಬರಬೇಕಾದ ಎಲ್ಲ ಹಣ ಸಂದಾಯವಾಗಿದೆಯೇ ಎಂದು ಅಧಿಕಾರಿ ನೋಡಬೇಕು.

ಚಲನ್ ಒಳಗೆ ಬರುವುದು ಈ ಕೊನೆಯ ಮಾತಿನ ಮೂಲಕ. ಇದರ ಜೊತೆ ಕೇಂದ್ರ ಮೋಟಾರು ವಾಹನ ನಿಯಮಗಳ 167ನೇ ನಿಯಮವೂ ಇದೆ. ಗಡುವು ಮೀರಿದರೂ ಇತ್ಯರ್ಥವಾಗದ ಚಲನ್ ಇದ್ದರೆ ಆ ಗಾಡಿಯ ಆರ್‌ಸಿ ಅಥವಾ ಆ ಚಾಲಕರ ಡಿಎಲ್‌ಗೆ ಸಂಬಂಧಿಸಿದ ಅರ್ಜಿಗಳನ್ನು ತಡೆಹಿಡಿಯಲು ಅದು ಅವಕಾಶ ಕೊಡುತ್ತದೆ. ತೆರಿಗೆ ಕಟ್ಟುವುದಕ್ಕೆ ಮಾತ್ರ ತಡೆ ಇಲ್ಲ.

ಒಂದು ತಡೆ ಬಿದ್ದರೆ ಏನೇನಾಗುತ್ತದೆ ನೋಡಿ. ಎನ್‌ಒಸಿ ಇಲ್ಲದೆ ಹೊಸ ರಾಜ್ಯದಲ್ಲಿ ನಂಬರ್ ಇಲ್ಲ. ಹೊಸ ನಂಬರ್ ಆಗದೆ, ಇಲ್ಲಿ ಕಟ್ಟಿದ ಜೀವಾವಧಿ ತೆರಿಗೆಯಲ್ಲಿ ಉಳಿದ ಪಾಲನ್ನು ಕರ್ನಾಟಕದಿಂದ ವಾಪಸ್ ಕೇಳಲು ಆಗುವುದಿಲ್ಲ. ಕಾರಿನ ಮಟ್ಟಿಗೆ ಇದು ದೊಡ್ಡ ಮೊತ್ತ. ಕರ್ನಾಟಕದ ರಸ್ತೆ ತೆರಿಗೆ ಎಷ್ಟು ಜಾಸ್ತಿ ಎಂದು ಇಲ್ಲಿ ಕಾರು ಕೊಂಡವರಿಗೆ ಹೇಳಬೇಕಾಗಿಲ್ಲ. ಅತ್ತ 12 ತಿಂಗಳು ದಾಟಿದ ಮೇಲೆ ಹೊಸ ರಾಜ್ಯದ ಪೊಲೀಸರಿಗೆ ನಂಬರ್ ಬದಲಿಸಿಲ್ಲ ಎಂದು ದಂಡ ಹಾಕುವ ಹಕ್ಕು ಬರುತ್ತದೆ. ಗಾಡಿಯನ್ನು ಅಲ್ಲೇ ಮಾರೋಣ ಎಂದರೂ ಕೊಳ್ಳುವವರು ಎನ್‌ಒಸಿ ಕೇಳುತ್ತಾರೆ. ಹೆಲ್ಮೆಟ್ ಇಲ್ಲದ 500 ರೂಪಾಯಿ ಚಲನ್ ಸಾವಿರಾರು ರೂಪಾಯಿ ತೆರಿಗೆ ಮರುಪಾವತಿಯನ್ನು ಹಿಡಿದಿಟ್ಟುಕೊಳ್ಳುವುದು ಹೀಗೆ.

ಚಲನ್ ಅಂದರೆ ಆರೋಪವೋ, ಸಾಲವೋ?

ನಿಜವಾದ ಜಗಳ ಇರುವುದು ಇಲ್ಲಿ. ಎರಡೂ ಕಡೆಯ ವಾದಕ್ಕೆ ತೂಕವಿದೆ.

ಒಂದು ವಾದ ಹೀಗೆ. ಚಲನ್ ಎನ್ನುವುದು ಪೊಲೀಸರ ಆರೋಪ ಮಾತ್ರ. ತಪ್ಪು ಒಪ್ಪಿಕೊಂಡು ಸ್ಥಳದಲ್ಲೋ ಆನ್‌ಲೈನಿನಲ್ಲೋ ಕಟ್ಟುವುದು ಕಾಯ್ದೆಯ 200ನೇ ಕಲಮಿನ ಕೆಳಗೆ ರಾಜಿ. ರಾಜಿಗೆ ಯಾರನ್ನೂ ಬಲವಂತ ಮಾಡುವ ಹಾಗಿಲ್ಲ. ರಾಜಿ ಬೇಡ ಎಂದರೆ ಕೇಸು ಕೋರ್ಟಿಗೆ ಹೋಗಬೇಕು. ಅಲ್ಲಿ ತಪ್ಪು ಸಾಬೀತಾಗಿ ದಂಡ ಬಿದ್ದ ಮೇಲಷ್ಟೇ ಅದು ಸರ್ಕಾರಕ್ಕೆ ಬರಬೇಕಾದ ಹಣ. ಅಲ್ಲಿಯವರೆಗೆ ಅದನ್ನು ತೆರಿಗೆ ಬಾಕಿಯ ಸಾಲಿಗೆ ಸೇರಿಸಿ ಎನ್‌ಒಸಿ ತಡೆದರೆ, ವಿಚಾರಣೆ ಇಲ್ಲದೆ ಶಿಕ್ಷೆ ಕೊಟ್ಟ ಹಾಗೆ. ಬಾಕಿ ಇದೆ ಎಂದು ರಸ್ತೆಯಲ್ಲಿ ಗಾಡಿ ಹಿಡಿದಿಟ್ಟುಕೊಳ್ಳುವುದಕ್ಕೂ ಇದೇ ಆಕ್ಷೇಪ. ಗಾಡಿ ವಶಕ್ಕೆ ಪಡೆಯುವ ಅಧಿಕಾರ ಕೊಡುವ 207ನೇ ಕಲಂ ಮಾತಾಡುವುದು ಲೈಸೆನ್ಸ್, ನೋಂದಣಿ, ಪರ್ಮಿಟ್ ಇಲ್ಲದಿರುವುದರ ಬಗ್ಗೆ. ಬಾಕಿ ದಂಡದ ಮಾತು ಅದರಲ್ಲಿಲ್ಲ.

ಪೊಲೀಸರು ಮತ್ತು ಸಾರಿಗೆ ಇಲಾಖೆಯ ಕಡೆಯ ವಾದ ಬೇರೆ. ಒಂದೊಂದು ಹೆಲ್ಮೆಟ್ ಕೇಸನ್ನೂ ಕೋರ್ಟಿಗೆ ಎಳೆದರೆ ಯಾವ ಕೋರ್ಟಿಗೂ ಸಮಯ ಸಾಲದು. ಆಕ್ಷೇಪ ಹೇಳಲು ಅವಕಾಶ ಇತ್ತು, ಹೇಳಲಿಲ್ಲ. ಕಟ್ಟಲು ಅವಕಾಶ ಇತ್ತು, ಕಟ್ಟಲಿಲ್ಲ. ಹಾಗಿದ್ದ ಮೇಲೆ ಇನ್ನೇನು ಮಾಡಬೇಕು? 2025ರ ಫೆಬ್ರವರಿಯಲ್ಲಿ ಸಿಟಿ ಮಾರ್ಕೆಟ್ ಸಂಚಾರ ಪೊಲೀಸರು ಹಿಡಿದ ಒಂದು ಸ್ಕೂಟರಿನ ಮೇಲೆ 311 ಕೇಸುಗಳಿದ್ದವು. ದಂಡ 1.6 ಲಕ್ಷ ರೂಪಾಯಿ ದಾಟಿತ್ತು. ಸ್ಕೂಟರಿನ ಬೆಲೆಗಿಂತ ದಂಡವೇ ಜಾಸ್ತಿ. ಇಂಥವರನ್ನು ಕಾಗದಪತ್ರದ ಮೂಲಕವಾದರೂ ತಡೆಯದಿದ್ದರೆ ನಿಯಮ ಪಾಲಿಸುವವರಿಗೆ ಏನು ಅರ್ಥ ಉಳಿಯಿತು ಎನ್ನುವುದು ಅವರ ಪ್ರಶ್ನೆ.

311 ಕೇಸಿನ ಸ್ಕೂಟರಿಗೆ ಪೊಲೀಸರ ವಾದ ಪೂರ್ತಿ ಒಪ್ಪುತ್ತದೆ. ನೋಟಿಸೇ ತಲುಪದ ಎರಡು ಚಲನ್ ಇರುವವರಿಗೆ ಅದು ಒಪ್ಪುವುದಿಲ್ಲ. ಕಷ್ಟ ಏನೆಂದರೆ, ಪೋರ್ಟಲ್ ಇಬ್ಬರನ್ನೂ ಒಂದೇ ತಡೆಯಿಂದ ನಿಲ್ಲಿಸುತ್ತದೆ. ನೋಟಿಸ್ ತಲುಪಿದ್ದಕ್ಕೆ ದಾಖಲೆ ಇದ್ದರೆ ಮಾತ್ರ ತಡೆ ಬೀಳಬೇಕು. ಅಷ್ಟು ಮಾಡಿದರೆ ಅರ್ಧ ಜಗಳ ತೀರುತ್ತದೆ.

ಅರ್ಜಿ ಹಾಕಿದವರಿಗೆ ಕಾಯ್ದೆ ಒಂದು ರಕ್ಷಣೆ ಕೊಟ್ಟಿದೆ. ಎನ್‌ಒಸಿ ನಿರಾಕರಿಸಿದರೆ ಅಧಿಕಾರಿ ಕಾರಣವನ್ನು ಬರೆದು ತಿಳಿಸಲೇಬೇಕು. 30 ದಿನದೊಳಗೆ ಏನನ್ನೂ ತಿಳಿಸದಿದ್ದರೆ ಎನ್‌ಒಸಿ ಕೊಟ್ಟಂತೆಯೇ ಎಂದು 48ನೇ ಕಲಮೇ ಹೇಳುತ್ತದೆ. ಕೌಂಟರಿನಲ್ಲಿ ‘ಸಿಸ್ಟಮ್ ತಗೊಳ್ತಿಲ್ಲ’ ಎಂಬ ಬಾಯಿಮಾತು ನಿರಾಕರಣೆ ಅಲ್ಲ. ಅರ್ಜಿಯ ಸ್ವೀಕೃತಿ ಪಡೆದು, ಕಾರಣವನ್ನು ಬರಹದಲ್ಲಿ ಕೇಳುವ ಹಕ್ಕು ಎಲ್ಲರಿಗೂ ಇದೆ.

ಹಳೆಯದಾದರೆ ತಾನೇ ಬಿದ್ದುಹೋಗುತ್ತದೆಯೇ?

ಆರು ತಿಂಗಳಾದರೆ ಚಲನ್ ರದ್ದಾಗುತ್ತದೆ ಎಂಬ ಮಾತು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಲೇ ಇರುತ್ತದೆ. ಅದಕ್ಕೆ ಸ್ವಲ್ಪ ಆಧಾರ ಇದೆ, ಪೂರ್ತಿ ಇಲ್ಲ. ಬರೀ ದಂಡದ ಶಿಕ್ಷೆ ಇರುವ ಅಪರಾಧವನ್ನು ಕೋರ್ಟು ಆರು ತಿಂಗಳೊಳಗೆ ವಿಚಾರಣೆಗೆ ತೆಗೆದುಕೊಳ್ಳಬೇಕು ಎಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 468ನೇ ಕಲಂ ಹೇಳುತ್ತಿತ್ತು. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 514ನೇ ಕಲಂ. ಆದರೆ ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಕೋರ್ಟು ಅದನ್ನು ಮನ್ನಿಸಬಹುದು. ಕೇಸು ಆಗಲೇ ಕೋರ್ಟಿಗೆ ಹೋಗಿದ್ದರೆ ಈ ಗಡುವಿನ ಪ್ರಶ್ನೆಯೇ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಗಡುವು ಮುಗಿಯಿತು ಎಂದು ಕಂಪ್ಯೂಟರ್ ತಾನಾಗಿ ಚಲನ್ ಅಳಿಸುವುದಿಲ್ಲ. ಅದನ್ನು ಯಾರಾದರೂ ಕೋರ್ಟಿನ ಮುಂದೆ ಎತ್ತಬೇಕು.

ಉತ್ತರ ಪ್ರದೇಶದ ಉದಾಹರಣೆಯನ್ನು ಇದಕ್ಕೆ ಜನ ಕೊಡುತ್ತಾರೆ. ಅಲ್ಲಿ 2017ರಿಂದ 2021ರವರೆಗಿನ ಲಕ್ಷಾಂತರ ಹಳೆಯ ಚಲನ್‌ಗಳನ್ನು 2025ರಲ್ಲಿ ಸಾರಿಗೆ ಇಲಾಖೆ ಮುಚ್ಚಿತು. ಅವು ಹಳೆಯದಾದವೆಂದು ತಾವಾಗಿ ಹೋಗಲಿಲ್ಲ. ಅಲ್ಲಿನ ಸರ್ಕಾರ ಕಾನೂನಿನ ಮೂಲಕ ಮುಚ್ಚಿದ್ದು. ಕರ್ನಾಟಕ ಹಿಡಿದಿರುವ ದಾರಿ ಮನ್ನಾ ಅಲ್ಲ, ರಿಯಾಯಿತಿ.

ರಿಯಾಯಿತಿ ಕಾಯುವವರ ಲೆಕ್ಕ

2023ರ ಫೆಬ್ರವರಿಯ ಮೊದಲ ರಿಯಾಯಿತಿ ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಸಲಹೆಯಿಂದ ಬಂದದ್ದು. 3ರಿಂದ 11ರವರೆಗೆ ಒಂಬತ್ತೇ ದಿನ. ಅಷ್ಟರಲ್ಲಿ 100 ಕೋಟಿ ರೂಪಾಯಿಗೂ ಹೆಚ್ಚು ಹಣ ಬಂತು. ಸಂಚಾರ ಠಾಣೆಗಳಲ್ಲಿ, ಬೆಂಗಳೂರು ಒನ್ ಕೇಂದ್ರಗಳಲ್ಲಿ ಜನ ಸಾಲುಗಟ್ಟಿ ನಿಂತರು. ಕೋರ್ಟಿಗೆ ಹೋಗದೆ ಲಕ್ಷಾಂತರ ಕೇಸು ಮುಗಿದವು. ಅದನ್ನು ಸಣ್ಣ ಕೆಲಸ ಎನ್ನಲಾಗದು.

ಆದರೆ ಮತ್ತೆ ಮತ್ತೆ ಕೊಟ್ಟಾಗ ಜನ ಕಲಿಯುವ ಪಾಠ ಬೇರೆ. ಚಲನ್ ಬಂದ ವಾರವೇ ಪೂರ್ತಿ ಕಟ್ಟಿದವರು ನಷ್ಟಕ್ಕೆ ಬಿದ್ದರು. ಎರಡು ವರ್ಷ ಸುಮ್ಮನಿದ್ದವರಿಗೆ ಅರ್ಧ ಉಳಿಯಿತು. ತೆಲಂಗಾಣದಲ್ಲೂ ಹೀಗೇ ಆಯಿತು. 2022ರಲ್ಲಿ ದ್ವಿಚಕ್ರ ವಾಹನಗಳಿಗೆ ಶೇ 75, 2023ರ ಕೊನೆಗೆ ಶೇ 80 ರಿಯಾಯಿತಿ ಕೊಟ್ಟರು. ಪ್ರಾಮಾಣಿಕರಿಗೆ ಇದು ಅನ್ಯಾಯ ಎಂದು ಬಾಯಿಬಿಟ್ಟು ಹೇಳಲೇಬೇಕು.

ಊರು ಬಿಡುವವರಿಗೆ ಈ ಲೆಕ್ಕ ಹೊಂದುವುದೂ ಇಲ್ಲ. ರಿಯಾಯಿತಿ ಯಾವಾಗ ಬರುತ್ತದೆ, ಯಾವ ದಿನಾಂಕದವರೆಗಿನ ಕೇಸಿಗೆ ಅನ್ವಯಿಸುತ್ತದೆ ಎಂದು ಮೊದಲೇ ಯಾರೂ ಹೇಳುವುದಿಲ್ಲ. 12 ತಿಂಗಳ ಗಡುವು ಮಾತ್ರ ಅದಕ್ಕಾಗಿ ಕಾಯುವುದಿಲ್ಲ. 1,000 ರೂಪಾಯಿಯಲ್ಲಿ 500 ಉಳಿಸಲು ಹೋಗಿ ತೆರಿಗೆ ಮರುಪಾವತಿ ತಡವಾದರೆ, ಏಜೆಂಟರಿಗೆ ಒಂದೆರಡು ಸಾವಿರ ಕೊಡಬೇಕಾಗಿ ಬಂದರೆ, ಉಳಿದದ್ದೇನು?

ತಪ್ಪು ಚಲನ್ ಇದ್ದರೆ ಹೊರಡುವ ಮುಂಚೆಯೇ ಹೋರಾಡಿ

ಎಲ್ಲ ಚಲನ್ ಸರಿಯಾಗಿಯೇ ಇರುತ್ತವೆ ಎಂದಲ್ಲ. ಒಂದೇ ನಂಬರನ್ನು ಬೇರೆ ಗಾಡಿಗೆ ಹಾಕಿಕೊಂಡು ಓಡಿಸುವವರಿದ್ದಾರೆ. ಕ್ಯಾಮೆರಾ 3 ಅನ್ನು 8 ಎಂದು ಓದಿರಬಹುದು. ಚಲನ್ ಜೊತೆಗಿನ ಫೋಟೊ ತೆರೆದು ನಿಧಾನಕ್ಕೆ ನೋಡಬೇಕು. ಗಾಡಿಯ ಬಣ್ಣ, ಕಂಪನಿ, ಹಿಂಬದಿಯ ಲೈಟು, ಪ್ಲೇಟಿನ ಅಕ್ಷರ, ಸ್ಥಳ, ಸಮಯ ಎಲ್ಲವನ್ನೂ. ನಮ್ಮದು ಕಪ್ಪು ಆ್ಯಕ್ಟಿವಾ, ಫೋಟೊದಲ್ಲಿರುವುದು ಬೂದು ಬಣ್ಣದ ಬೈಕು ಆದರೆ ಅಷ್ಟೇ ಸಾಕ್ಷಿ ಸಾಕು.

ಊರಲ್ಲಿದ್ದಾಗ ಇದನ್ನು ಸರಿಪಡಿಸುವುದು ಸುಲಭ. ಬೆಂಗಳೂರು ಸಂಚಾರ ಪೊಲೀಸರ ‘ಅಸ್ತ್ರಂ’ ಆ್ಯಪ್ ಇದೆ. ಹತ್ತಿರದ ಸಂಚಾರ ಠಾಣೆಗೆ ಗಾಡಿ ಸಮೇತ ಹೋಗಿ ತೋರಿಸಬಹುದು. ಕೋರ್ಟಿಗೆ ಹೋದ ಕೇಸಾದರೆ ಆನ್‌ಲೈನಿನಲ್ಲೇ ನಡೆಯುವ ವರ್ಚುವಲ್ ಕೋರ್ಟ್ ಇದೆ, ಲೋಕ ಅದಾಲತ್ ಇದೆ. ವರ್ಚುವಲ್ ಕೋರ್ಟಿನಲ್ಲಿ ದಂಡ ಕಟ್ಟುವುದು ಯಾವ ಊರಿನಿಂದಲೂ ಆಗುತ್ತದೆ. ತಪ್ಪು ಒಪ್ಪುವುದಿಲ್ಲ ಎಂದರೆ ಮಾತ್ರ ಕೇಸು ಇಲ್ಲಿನ ಕೋರ್ಟಿಗೆ ಬರುತ್ತದೆ, ನೀವೂ ಬರಬೇಕಾಗುತ್ತದೆ. 500 ರೂಪಾಯಿಯ ತಪ್ಪು ಚಲನ್ ಪ್ರಶ್ನಿಸಲು ಹೈದರಾಬಾದಿನಿಂದ ಯಾರು ಬಸ್ ಹತ್ತಿ ಬರುತ್ತಾರೆ? ತಪ್ಪು ಮಾಡದವರೂ ಕೊನೆಗೆ ‘ಹಾಳಾಗಲಿ’ ಎಂದು ಕಟ್ಟಿಬಿಡುತ್ತಾರೆ. ದೂರ ಹೆಚ್ಚಾದಷ್ಟೂ ನ್ಯಾಯ ದುಬಾರಿ, ಅಲ್ವಾ?

ಅವಸರದಲ್ಲಿ ಗಾಡಿ ಮಾರಿ ಹೋದವರು

ಎಲ್ಲಕ್ಕಿಂತ ದೊಡ್ಡ ಅಪಾಯ ಇರುವುದು ಇವರಿಗೆ. ಮನೆ ಖಾಲಿ ಮಾಡುವ ವಾರ, ಸಿಕ್ಕ ಬೆಲೆಗೆ ಬೈಕ್ ಕೊಟ್ಟು, ಮಾಲೀಕರ ಹೆಸರು ಬದಲಿಸುವ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ರೈಲು ಹತ್ತುತ್ತಾರೆ. ಕೊಂಡವರು ತಮ್ಮ ಹೆಸರಿಗೆ ಮಾಡಿಕೊಳ್ಳುವುದಿಲ್ಲ. ಮುಂದಿನ ಚಲನ್‌ಗಳೆಲ್ಲ ಹಳೆಯ ಮಾಲೀಕರ ಹೆಸರಿಗೇ ಬರುತ್ತವೆ.

ದಂಡಕ್ಕಷ್ಟೇ ಇದು ನಿಲ್ಲುವುದಿಲ್ಲ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರಕ್ಕೂ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಕೇಸಿನಲ್ಲಿ ಹೇಳಿದೆ. ಗಾಡಿ ಎಷ್ಟು ಕೈ ಬದಲಾಗಿದ್ದರೂ ಅಷ್ಟೇ. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಎಂದು 50ನೇ ಕಲಂ ಹೇಳುತ್ತದೆ. ಕೊಂಡವರು ಬೇರೆ ರಾಜ್ಯದವರಾದರೆ 45 ದಿನ. ಮಾರುವ ಮುಂಚೆ ಹಳೆಯ ಚಲನ್ ಇತ್ಯರ್ಥ ಮಾಡಿ, ಮಾರಿದ ಮೇಲೆ ಹೆಸರು ಬದಲಾಗಿದೆಯೇ ಎಂದು ಪರಿವಾಹನ್ ಪೋರ್ಟಲಿನಲ್ಲಿ ಖುದ್ದು ನೋಡಬೇಕು. ಬೇರೆಯವರ ಮಾತು ನಂಬಿ ಕೂರುವ ವಿಷಯವಲ್ಲ ಇದು.

ಡಿಎಲ್, ಇನ್ಶೂರೆನ್ಸ್, ಬಿಎಚ್ ನಂಬರ್

ಕ್ಯಾಮೆರಾ ಚಲನ್ ಒಂದೆರಡು ಬಾಕಿ ಇದ್ದ ಮಾತ್ರಕ್ಕೆ ಡಿಎಲ್ ರದ್ದಾಗುವುದಿಲ್ಲ. ಡಿಎಲ್‌ಗೆ ಕುತ್ತು ಬರುವುದು ಕುಡಿದು ಓಡಿಸುವಂಥ ಕೇಸುಗಳಲ್ಲಿ. 185ನೇ ಕಲಮಿನ ಆ ಕೇಸನ್ನು ಠಾಣೆಯಲ್ಲಿ ಹಣ ಕಟ್ಟಿ ಮುಗಿಸಲು ಆಗುವುದಿಲ್ಲ, ಕೋರ್ಟಿಗೇ ಹೋಗಬೇಕು. ಸಮನ್ಸ್ ಬಂದರೂ ಹೋಗದಿದ್ದರೆ ವಾರಂಟ್ ಬರಬಹುದು. ಡಿಎಲ್‌ಗಳ ‘ಸಾರಥಿ’ ದಾಖಲೆ ಇಡೀ ದೇಶಕ್ಕೆ ಒಂದೇ ಆದ್ದರಿಂದ ಡಿಎಲ್ ಅಮಾನತು ಎಲ್ಲಿ ಹೋದರೂ ಕಾಣುತ್ತದೆ.

ದಂಡಕ್ಕೆ ತಕ್ಕಂತೆ ಇನ್ಶೂರೆನ್ಸ್ ಕಂತು ಏರಿಸುವ ಕರಡನ್ನು ವಿಮಾ ನಿಯಂತ್ರಕ ಸಂಸ್ಥೆಯ ಸಮಿತಿ 2021ರಲ್ಲೇ ಮುಂದಿಟ್ಟಿತ್ತು. ಅದು ಕರಡಾಗಿಯೇ ಉಳಿದಿದೆ. 2021ರಲ್ಲಿ ಬಂದ, ಇಡೀ ದೇಶಕ್ಕೆ ನಡೆಯುವ ಬಿಎಚ್ (ಭಾರತ್) ಸರಣಿಯ ನಂಬರ್ ಇದ್ದವರಿಗೆ ರಾಜ್ಯ ಬದಲಿಸಿದಾಗ ಎನ್‌ಒಸಿ ಬೇಕಿಲ್ಲ. ಆದರೆ ಚಲನ್ ಅವರಿಗೂ ಬಾಕಿಯೇ. ಗಾಡಿ ಮಾರುವ ದಿನ ಅದು ಎದುರಾಗುತ್ತದೆ.

ಹೊರಡುವ ಮುಂಚೆ ಎಲ್ಲಿ ನೋಡಬೇಕು?

ಒಂದೇ ಕಡೆ ನೋಡಿದರೆ ಸಾಲದು. ಬೆಂಗಳೂರು ಸಂಚಾರ ಪೊಲೀಸರ ತಾಣ ಅಥವಾ ಆ್ಯಪ್‌ನಲ್ಲಿ ಒಮ್ಮೆ, ಕೇಂದ್ರದ ಇ-ಚಲನ್ ಪರಿವಾಹನ್ ತಾಣದಲ್ಲಿ ಇನ್ನೊಮ್ಮೆ, ವರ್ಚುವಲ್ ಕೋರ್ಟ್ ತಾಣದಲ್ಲಿ ಮತ್ತೊಮ್ಮೆ ಗಾಡಿ ನಂಬರ್ ಹಾಕಿ ನೋಡಬೇಕು. ಹೊಸೂರಿಗೋ ಚೆನ್ನೈಗೋ ಓಡಾಡಿದ ಗಾಡಿಯಾದರೆ ತಮಿಳುನಾಡಿನ ಚಲನ್ ಇದೆಯೇ ಎಂದೂ ಗಮನಿಸಬೇಕು. ಅಲ್ಲಿ ಹೆಲ್ಮೆಟ್ ದಂಡ 1,000 ರೂಪಾಯಿ, ಇಲ್ಲಿನ ಎರಡರಷ್ಟು. ಜೊತೆಗೆ ಈಗ ಟೋಲ್ ಬಾಕಿಯನ್ನೂ ನೋಡಬೇಕು.

ಮೊದಲು ಆರ್‌ಸಿಯಲ್ಲಿರುವ ಮೊಬೈಲ್ ನಂಬರ್ ಸರಿಪಡಿಸಿ. ಆಮೇಲೆ ಸರಿಯಾದ ಚಲನ್ ಕಟ್ಟಿ, ತಪ್ಪಾದದ್ದಕ್ಕೆ ದೂರು ಕೊಡಿ. ಕಟ್ಟಿದ ರಸೀದಿಯನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಬಾಕಿ ಸೊನ್ನೆ ಎಂದು ಎಲ್ಲ ತಾಣಗಳಲ್ಲೂ ತೋರಿಸಿದ ಮೇಲೆ ಫಾರಂ 28 ಹಾಕಿ. ಒಂದು ಕಡೆ ಕಟ್ಟಿದ್ದು ಇನ್ನೊಂದು ಕಡೆ ಕಾಣಿಸಲು ಕೆಲವು ದಿನ ಹಿಡಿಯಬಹುದು. ಹಾಗಾಗಿ ಸಾಮಾನು ಸಾಗಿಸುವ ಲಾರಿಗೆ ಹೇಳುವ ಮುಂಚೆಯೇ ಈ ಕೆಲಸ ಶುರು ಮಾಡಿ.